ಶಿವರಾಯ ಹೆಸರು ಹೇಳಿದ್ದು

ಅಫಜಲಪುರದ ಕೃಷಿ ಕಚೇರಿಯಲ್ಲಿ ಸಹಾಯಕ ಅಧಿಕಾರಿಯಾಗಿದ್ದ ಶಿವರಾಯನನ್ನು ಸುತ್ತಿನ ಹಳ್ಳಿಗಳವರು ‘ನೋಡಬೇಕ್ರಿ ಸಾಹೇಬ್ರು’ ಎಂದು ಕರೆಯುತ್ತಿದ್ದರು. ಯಾವ ರೈತ ಯಾವ ಎಲೆ ಹಿಡಿದುಕೊಂಡು ಬಂದು ಇದೇನು ಗಿಡ ಎಂದು ಕೇಳಿದರೂ ಶಿವರಾಯ ಅದನ್ನು ಬೆಳಕಿಗೆ ಹಿಡಿಯುತ್ತಿದ್ದ, ಮಗುಚುತ್ತಿದ್ದ, ಮೂಸುತ್ತಿದ್ದ, ಕಡೆಗೆ ‘ನೋಡಬೇಕ್ರಿ’ ಎನ್ನುತ್ತಿದ್ದ. ಎಲೆ ತಂದರೆ ಹೂವು ನೋಡಬೇಕು. ಹೂವು ತಂದರೆ ಕಾಯಿ ನೋಡಬೇಕು. ಕಾಯಿ ತಂದರೆ ಅದು ಒಣಗಿ ಸಿಡಿದ ಮೇಲೆ ಬೀಜ ನೋಡಬೇಕು. ಅಷ್ಟರಲ್ಲಿ ರಾಶಿ ಮುಗಿದು, ರೈತ ಆ ಗಿಡವನ್ನೂ ಮರೆತು ಶಿವರಾಯನನ್ನೂ ಮರೆತಿರುತ್ತಿದ್ದ. ಚಹಾದಂಗಡಿಯವನು ಸಕ್ಕರೆ ಕಡಿಮೆ ಇರಲೋ ಜಾಸ್ತಿ ಇರಲೋ ಎಂದರೂ ಅವನ ಬಾಯಲ್ಲಿ ಅದೇ ಮಾತು. ಮುಂದೆ ಜೇವರ್ಗಿಗೆ ವರ್ಗವಾದಾಗ ಈ ಅಡ್ಡಹೆಸರು ಅವನಿಗಿಂತ ಮುಂಚಿನ ಬಸ್ಸಿಗೇ ಅಲ್ಲಿಗೆ ಹೋಗಿ ಇಳಿದಿತ್ತು.

ಅವನು ಹುಟ್ಟಿನಿಂದ ಹೀಗಿರಲಿಲ್ಲ. ಜಿಡಗಾದ ಹತ್ತಿರದ ಹಳ್ಳಿಯವನು. ಮನೆತನದಲ್ಲಿ ಪದವಿ ಮಾಡಿದ ಮೊದಲಿಗ. ಧಾರವಾಡದಲ್ಲಿ ಕೃಷಿ ಓದಿ ಬಂದಾಗ ಅವನ ತಾಯಿ ಹೀರಾಬಾಯಿ, ನನ್ನ ಮಗನಿಗೆ ಭೂಮಿ ಮೇಲಿನ ಎಲ್ಲ ಹುಲ್ಲುಕಡ್ಡಿಗಳೂ ಹೆಸರು ಹಿಡಿದು ಗೊತ್ತು ಎಂದು ಓಣಿ ತುಂಬ ಹೇಳಿಕೊಂಡು ಬಂದಿದ್ದಳು. ಶಿವರಾಯನೂ ಅದನ್ನು ನಂಬಿದ್ದ. ನೌಕರಿಯ ಮೊದಲ ವರ್ಷ ಭೀಮಾ ದಂಡೆಯ ಒಬ್ಬ ರೈತ ಒಂದು ಹಿಡಿ ಸೊಪ್ಪು ತಂದು ತೋರಿಸಿದ. ಶಿವರಾಯ ಸೈಕಲ್ಲಿನಿಂದ ಇಳಿಯದೆಯೇ, ಇದು ಮೆಂತ್ಯದ ಬಳಗ, ಪಲ್ಯ ಮಾಡಿ ತಿನ್ನಬಹುದು ಎಂದುಬಿಟ್ಟ. ಆ ಮನೆಯವರೆಲ್ಲ ಎರಡು ದಿನ ನೀರಿನ ಚರಗಿ ಹಿಡಿದು ಹೊಲಕ್ಕೂ ಮನೆಗೂ ಓಡಾಡಿದರು. ಮೂರನೆಯ ದಿನ ರೈತ ಕಚೇರಿಗೆ ಬಂದು ಸಿಟ್ಟಾಗಲಿಲ್ಲ, ಬೈಯಲಿಲ್ಲ. ಗೋಡೆ ಹಿಡಿದು ನಿಂತು, ಸಾಹೇಬರೇ ನೀವು ಒಮ್ಮೆ ಅದನ್ನು ತಿಂದು ನೋಡಿ ಎಂದು ಮೆಲ್ಲಗೆ ಹೇಳಿ ಹೋದ. ಅಂದಿನಿಂದ ಶಿವರಾಯ ಮನಸ್ಸಿನಲ್ಲೇ ಒಂದು ಆಣೆ ಹಾಕಿಕೊಂಡ: ಪೂರ್ತಿ ನೋಡದೆ ಯಾವ ಗಿಡದ ಹೆಸರನ್ನೂ ಹೇಳಬಾರದು, ತಪ್ಪು ಹೆಸರನ್ನಂತೂ ಸತ್ತರೂ ಹೇಳಬಾರದು.

ಕಚೇರಿಯಲ್ಲಿ ಈ ಗುಣದಿಂದ ಹಾನಿಯಾಗಲಿಲ್ಲ. ಹೆಣ್ಣು ನೋಡಲು ಹೋದಾಗ ಆಯಿತು. ಹುಡುಗಿ ಬಂದು ಕೂತು, ಚಹಾ ಕೊಟ್ಟು, ಒಳಗೆ ಹೋದ ಮೇಲೆ ಹಿರಿಯರು ಹೇಗನಿಸಿತು ಎಂದು ಕೇಳಿದರೆ ಶಿವರಾಯ ‘ನೋಡಬೇಕ್ರಿ’ ಎನ್ನುತ್ತಿದ್ದ. ಅವರು, ಹಾಗಾದರೆ ಇಷ್ಟು ಹೊತ್ತು ಏನು ಮಾಡಿದಿರಿ ಎಂದು ಕೇಳಿ ಚಪ್ಪಲಿ ಬಿಟ್ಟ ಜಾಗ ತೋರಿಸುತ್ತಿದ್ದರು. ಹೀರಾಬಾಯಿ ದಾರಿಯುದ್ದಕ್ಕೂ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಬರುತ್ತಿದ್ದಳು.

ಎಂಬತ್ತೈದರ ಗಣೇಶನ ಹಬ್ಬ ಮುಗಿದ ವಾರದಲ್ಲಿ ನಿಂಬರ್ಗಾದ ದೊಡ್ಡಪ್ಪಗೌಡರ ಮಗಳು ಸುಮಿತ್ರಾಳ ಸಂಬಂಧ ಬಂತು. ತಾಯಿ ಮಗನ ಜೊತೆಗೆ ಲಾಡ್ಲೆಸಾಬನೂ ಹೊರಟ. ಇವನು ಕಚೇರಿಯ ಜೀಪಿನ ಚಾಲಕ. ಜೀಪು ಕೆಟ್ಟು ನಿಂತು ಬಹಳ ಕಾಲವಾಗಿದ್ದರಿಂದ ಅವನಿಗೆ ಬೇರೆ ಕೆಲಸವಿರಲಿಲ್ಲ. ಸಾಹೇಬರು ‘ನೋಡಬೇಕ್ರಿ’ ಎನ್ನದಂತೆ ಪಕ್ಕದಲ್ಲಿ ಕೂತು ಚಿವುಟುವ ಕೆಲಸವನ್ನು ಹೀರಾಬಾಯಿ ಅವನಿಗೆ ವಹಿಸಿದ್ದಳು. ಬಸ್ಸಿನಲ್ಲಿ ಅವನು ಎರಡು ಸಲ ಚಿವುಟಿ ಅಭ್ಯಾಸವನ್ನೂ ಮಾಡಿಕೊಂಡ.

ದೊಡ್ಡಪ್ಪಗೌಡರ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಅವರ ತಾಯಿ ಹಣಮವ್ವ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದಳು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಶಿವರಾಯ ಕಾಲು ಮುಟ್ಟಿ ನಮಸ್ಕರಿಸಿದಾಗ ಅವಳು ತಲೆ ಸವರಿ, “ನಿನಗ ಏನಂತ ಕರೀತಾರಪಾ?” ಎಂದು ಕೇಳಿದಳು. ಅವನು ಹೇಳಿದ. ಒಳಗಿನಿಂದ ಚುರುಮುರಿಯ ಸುಸಲಾ ಬಂತು, ಜೊತೆಗೆ ಒಂದು ಬಟ್ಟಲು ಉಸುಳಿ. ದೊಡ್ಡಪ್ಪಗೌಡರ ಹೆಂಡತಿ ಸುಭದ್ರಾಬಾಯಿ, ನಮ್ಮ ಹೊಲದ ಹಚ್ಚಗಾಳು, ಸಂಕೋಚ ಮಾಡಬೇಡಿ ಎಂದಳು. ಹೀರಾಬಾಯಿ ಬಟ್ಟಲಿನಲ್ಲಿ ಇಣುಕಿ ನೋಡಿದಳು. ಅದು ಎಲ್ಲರೂ ತಿನ್ನುವ ಹೆಸರುಕಾಳೇ ಆಗಿತ್ತು. ದೊಡ್ಡವರ ಮನೆಯ ಮಾತೇ ಬೇರೆ ಇರುತ್ತದೇನೋ ಎಂದುಕೊಂಡು ಸುಮ್ಮನೆ ತಿಂದಳು.

ಸುಮಿತ್ರಾ ಬಂದು ಕೂತಳು, ಕೇಳಿದ್ದಕ್ಕೆ ಉತ್ತರ ಹೇಳಿದಳು, ಎದ್ದು ಹೋದಳು. ಶಿವರಾಯನಿಗೆ ಅವಳ ಮುಖ ಸರಿಯಾಗಿ ಕಂಡಿರಲಿಲ್ಲ, ಏಕೆಂದರೆ ಲಾಡ್ಲೆಸಾಬ ಆಗಲೇ ಚಿವುಟಲು ಶುರು ಮಾಡಿದ್ದ. ಹಿತ್ತಲಿಗೆ ಕೈ ತೊಳೆಯಲು ಹೋದಾಗ ಅವಳೇ ತಂಬಿಗೆ ಹಿಡಿದು ನಿಂತಿದ್ದಳು. ನೀರು ಹಾಕುತ್ತ, ತಲೆ ಎತ್ತದೆ, ಆದರೆ ಒಂದು ಅಕ್ಷರವೂ ನುಂಗದೆ ಹೇಳಿದಳು.

“ಅಪ್ಪ ಹೊಲಕ್ಕ ಕರ್ಕೊಂಡ ಹೋಗ್ತಾರ. ಬದುವಿನ ಮ್ಯಾಲ ಒಂದು ಹಳದಿ ಹೂವಿನ ಬಳ್ಳಿ ತೋರಸ್ತಾರ. ಏನಂತ ಕೇಳಿದರ ಅವರಿ ಅನ್ರಿ. ಅಷ್ಟ ಅನ್ರಿ, ಮುಂದಿಂದು ನಾ ನೋಡ್ಕೋತೇನಿ.”

ಹಿಂದೆ ಅವಳನ್ನು ನೋಡಲು ಜೇವರ್ಗಿಯಿಂದ ಬಂದಿದ್ದ ಬ್ಯಾಂಕಿನ ಗುಮಾಸ್ತ ಅದನ್ನು ‘ಕಸ’ ಎಂದನಂತೆ. ಆಳಂದದಿಂದ ಬಂದವನು ಬಗ್ಗಿ ನೋಡಿ ಶೇಂಗಾ ಎಂದನಂತೆ. ಇಬ್ಬರನ್ನೂ ಊಟವಿಲ್ಲದೆ ಬಸ್ಸು ಹತ್ತಿಸಿ ಕಳಿಸಿದ್ದರಂತೆ. ಇಷ್ಟನ್ನೂ ಅವಳು ಒಂದು ತಂಬಿಗೆ ನೀರು ಮುಗಿಯುವುದರೊಳಗೆ ಹೇಳಿ ಮುಗಿಸಿದಳು. ಕಡೆಯ ಹನಿಗೆ ತಲೆ ಎತ್ತಿ ನೋಡಿದಳು. ಶಿವರಾಯ ಒದ್ದೆ ಕೈ ಒರೆಸಿಕೊಳ್ಳದೆಯೇ ನಿಂತಿದ್ದ. ‘ಮುಂದಿನದು ನಾನು ನೋಡಿಕೊಳ್ಳುತ್ತೇನೆ’ ಎಂದು ಜೀವನದಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ. ಎಲ್ಲವನ್ನೂ ತಾನೇ ನೋಡಿ ನೋಡಿ ಸೋತಿದ್ದ ಅವನಿಗೆ, ಮದುವೆಯಾದರೆ ಇವಳನ್ನೇ ಆಗಬೇಕು ಎಂದು ಅಲ್ಲೇ, ಬಚ್ಚಲ ಕಲ್ಲಿನ ಮುಂದೆಯೇ ಖಾತ್ರಿಯಾಗಿಹೋಯಿತು. ಅವರಿ ಎಂದರೆ ಮುಗಿಯಿತಲ್ಲ, ಮೂರೇ ಅಕ್ಷರ ಎಂದುಕೊಂಡ.

ಆ ಬಳ್ಳಿಯ ಕಥೆ ಊರಿಗೆಲ್ಲ ಗೊತ್ತಿತ್ತು. ದೊಡ್ಡಪ್ಪಗೌಡರು ಸಣ್ಣವರಿದ್ದಾಗ ತಾಯಿಯ ಸೆರಗು ಹಿಡಿದು ಹೊಲಕ್ಕೆ ಹೋಗುತ್ತಿದ್ದರು. ಬದುವಿನ ಮೇಲೆ ಹರಿದಾಡುತ್ತಿದ್ದ ಈ ಬಳ್ಳಿಯನ್ನು ತೋರಿಸಿ, ತುಳಿಯಬೇಡ, ಅದು ಅವರಿ ಬಳ್ಳಿ ಎಂದು ತಾಯಿ ಹೇಳುತ್ತಿದ್ದಳು. ದೊಡ್ಡವರಾದ ಮೇಲೆ ಗೌಡರು ನೋಡಿದರು: ಇದರ ಕಾಯಿ ಅವರೆಕಾಯಿಯಂತೆ ಅಗಲವಿಲ್ಲ, ಕಡ್ಡಿಯಂತೆ ಸಣ್ಣಗಿದೆ. ಆದರೂ ತಾಯಿ ಹೇಳಿದ ಮೇಲೆ ಮುಗಿಯಿತು. ಇದು ಹಿರಿಯರ ಕಾಲದ ಅಸಲಿ ಅವರಿ, ಆರೈಕೆಯಿಲ್ಲದೆ ಸೊರಗಿದೆ, ಒಂದಿಷ್ಟು ಗೊಬ್ಬರ ಬಿದ್ದರೆ ಮೊದಲಿನಂತಾಗುತ್ತದೆ ಎಂದು ತೀರ್ಮಾನಿಸಿದರು. ಅಂದಿನಿಂದ ವರ್ಷ ವರ್ಷವೂ ಬದುವಿಗೆ ಗೊಬ್ಬರ ಹಾಕಿಸುತ್ತ, ಮುಳ್ಳಿನ ಬೇಲಿ ಕಟ್ಟಿಸುತ್ತ, ಕಾಯಿ ಅಗಲವಾಗುವುದನ್ನು ಕಾಯುತ್ತ ಇದ್ದರು. ಬಳ್ಳಿ ಸೊಕ್ಕಿ ಬೆಳೆದು ತೊಗರಿ ಸಾಲಿನವರೆಗೆ ಕಾಲು ಚಾಚಿತೇ ಹೊರತು ಕಾಯಿ ಮಾತ್ರ ಕಡ್ಡಿಯಾಗಿಯೇ ಉಳಿಯಿತು. ಊರಿನ ಒಕ್ಕಲಿಗೆಲ್ಲ ಅದು ಅವರಿಯಲ್ಲ ಎಂದು ಗೊತ್ತಿತ್ತು. ಆದರೆ ಊರಿಗಿದ್ದದ್ದು ಒಂದೇ ಟ್ರ್ಯಾಕ್ಟರು, ಅದು ಗೌಡರದು. ಬಿತ್ತಿಗೆಯ ಹೊತ್ತಿಗೆ ಎಲ್ಲರಿಗೂ ಅದು ಬೇಕು. ಹೀಗಾಗಿ ಹಾದು ಹೋಗುವವರೆಲ್ಲ ಬೇಲಿಯ ಹತ್ತಿರ ನಿಂತು, ಈ ವರ್ಷ ಕಾಯಿ ಜರಾ ಅಗಲಾದಂಗ ಕಾಣಸ್ತದರಿ ಗೌಡ್ರ ಎಂದು ಹೇಳಿ ಮುಂದೆ ಹೋಗುತ್ತಿದ್ದರು.

ಬಿಸಿಲು ತುಸು ಇಳಿದ ಮೇಲೆ ಗೌಡರು ಶಿವರಾಯನನ್ನು ಹೊಲಕ್ಕೆ ಕರೆದುಕೊಂಡು ಹೊರಟರು. ಹಿಂದೆ ಲಾಡ್ಲೆಸಾಬ. ಹಿಂದಿನ ದಿನ ಮಳೆಯಾಗಿ ಕರಿ ಮಣ್ಣು ಚಪ್ಪಲಿಗೆ ಅಂಟಿಕೊಂಡು, ಹತ್ತು ಹೆಜ್ಜೆಗೆ ಮೂವರೂ ಒಂದೊಂದು ಗೇಣು ಎತ್ತರವಾಗಿದ್ದರು. ಬದು ತಲುಪಿ, ಬೇಲಿಯ ಮುಳ್ಳು ಸರಿಸಿ, ಗೌಡರು ಕೋಲಿನಿಂದ ತೋರಿಸಿದರು.

ಶಿವರಾಯ ‘ಅವರಿ’ ಎನ್ನಲು ಬಾಯಿ ತೆರೆದ. ಆದರೆ ಕಣ್ಣು ಆಗಲೇ ಬಳ್ಳಿಯ ಮೇಲೆ ಬಿದ್ದಿತ್ತು. ಒಮ್ಮೆ ಕಣ್ಣು ಬಿದ್ದ ಮೇಲೆ ಅವನ ಮೈ ಅವನ ಮಾತು ಕೇಳುತ್ತಿರಲಿಲ್ಲ. ಹೀರಾಬಾಯಿ ಇಸ್ತ್ರಿ ಮಾಡಿಸಿ ತಂದಿದ್ದ ಟೆರಿಕಾಟ್ ಪ್ಯಾಂಟು, ಬಿಳಿ ಅಂಗಿಯ ಸಮೇತ ಅವನು ಹಸಿ ಬದುವಿನ ಮೇಲೆ ಬೋರಲು ಮಲಗಿದ. ಜೇಬಿನಿಂದ ಭೂತಗನ್ನಡಿ ತೆಗೆದ. ಒಂದು ತೊಟ್ಟಿಗೆ ಮೂರು ಎಲೆ, ಆ ಒಂದೊಂದು ಎಲೆಯೂ ಮತ್ತೆ ಮೂರು ಪಾಲಾಗಿ ಬಾತುಕೋಳಿಯ ಹೆಜ್ಜೆಯಂತಿತ್ತು. ಹೂವು ಹಳದಿ, ಅದರ ಒಳಗಿನ ದೋಣಿಯಂಥ ಎಸಳು ಒಂದು ಕಡೆಗೆ ಸೊಟ್ಟ. ಅವರೆಯ ಹೂವಾಗಿದ್ದರೆ ಬಿಳಿ ಇಲ್ಲವೇ ನೇರಳೆ ಇರಬೇಕಿತ್ತು. ಕಾಯಿ ಉರುಟು, ನೇರ, ಒಣಗಿದ್ದು ಕಪ್ಪು. ಒಂದು ಕಾಯಿ ಬಿಡಿಸಿದ. ಅಂಗೈಗೆ ಉದುರಿದ ಬೀಜ ಸಾಸಿವೆಗಿಂತ ತುಸು ದೊಡ್ಡದು, ಮೈ ಒರಟು. ಎಲೆ, ಹೂವು, ಕಾಯಿ, ಬೀಜ, ನಾಲ್ಕೂ ಒಂದೇ ಕಡೆ ಸಿಕ್ಕಿದ್ದವು. ಇನ್ನು ನೋಡಬೇಕಾದ್ದು ಏನೂ ಉಳಿದಿರಲಿಲ್ಲ. ಮೇಲೆ ನಿಂತಿದ್ದ ಲಾಡ್ಲೆಸಾಬನಿಗೆ ಚಿವುಟಲು ಸಾಹೇಬರ ಹಿಮ್ಮಡಿ ಬಿಟ್ಟರೆ ಬೇರೇನೂ ಕೈಗೆ ಸಿಗುವಂತಿರಲಿಲ್ಲ.

“ಇದರ ಹೆಸರೇನ್ರಿ?” ಎಂದು ಗೌಡರು ಕೇಳಿದರು.

“ಹೆಸರ್ರಿ” ಎಂದ ಶಿವರಾಯ, ಮಲಗಿದ್ದಲ್ಲಿಂದಲೇ.

“ಹೂಂ. ಹೆಸರು.”

“ಹೌದ್ರಿ. ಹೆಸರು.”

“ಅದನ್ನ ಕೇಳಾಕತ್ತೇನಿ. ಏನು?”

“ಹೆಸರ್ರಿ.”

ಗೌಡರು ಲಾಡ್ಲೆಸಾಬನ ಕಡೆ ತಿರುಗಿ, ನಿಮ್ಮ ಸಾಹೇಬರಿಗೆ ಕಿವಿ ಮಂದವೇ ಎಂದು ವಿಚಾರಿಸಿದರು. ಹಾಗೇನಿಲ್ಲ ಎಂದು ಅವನು ಹೇಳಿದ. ತಪ್ಪು ಗೌಡರದೂ ಅಲ್ಲ. ಊರೆಲ್ಲ ಹೆಸರು ಎನ್ನುವ ಕಾಳಿಗೆ ಅವರ ಮನೆಯಲ್ಲಿ ಹುಟ್ಟಿದಾಗಿನಿಂದ ಹಚ್ಚಗಾಳು ಎಂದೇ ರೂಢಿ. ಅಡತಿ ಅಂಗಡಿಯಲ್ಲಿ ಆ ಮಾತು ಕಿವಿಗೆ ಬಿದ್ದಿದ್ದರೂ ತಮ್ಮ ಬದುವಿನ ಮೇಲೆ ನಿಂತಾಗ ಹೆಸರು ಎಂದರೆ ಅವರಿಗೆ ಹೆಸರೇ. ಅವರು ದನಿ ಏರಿಸಿ, ಕೋಲು ನೆಲಕ್ಕೆ ಊರಿ ಮತ್ತೆ ಕೇಳಿದರು.

“ಈ ಬಳ್ಳಿಗೆ ಒಂದು ಹೆಸರ ಅದನೋ ಇಲ್ಲೋ?”

“ಅದರಿ. ಆದರ ಬಿತ್ತೂ ಹೆಸರಲ್ಲ. ಕಾಡು ಹೆಸರು.”

“ಕಾಡಿನ ಹೆಸರ ತಗೊಂಡ ನಾ ಏನ ಮಾಡ್ಲಿ? ಅದು ನಿಮ್ಮ ಕಾಲೇಜಿನವರಿಗಿರಲಿ. ಊರ ಹೆಸರ ಹೇಳ್ರಿ.”

“ಊರ ಹೆಸರ ನಿಂಬರ್ಗಾ ಅಲ್ಲೇನ್ರಿ ಗೌಡ್ರ” ಎಂದ ಲಾಡ್ಲೆಸಾಬ, ಸಹಾಯ ಮಾಡುವ ಒಳ್ಳೆಯ ಮನಸ್ಸಿನಿಂದ.

ಗೌಡರ ಮೀಸೆ ನಡುಗಿತು. ಇನ್ನು ತಡಮಾಡಿದರೆ ಕೋಲು ಯಾರ ಬೆನ್ನಿಗೆ ಬೀಳುತ್ತದೆ ಎಂದು ಹೇಳಲಾಗದೆ ಲಾಡ್ಲೆಸಾಬ ಬಿಡಿಸಿ ಹೇಳಿದ. ಪಾಯಸಕ್ಕೆ ಬೇಳೆ ಹಾಕುತ್ತಾರಲ್ಲ, ಮನೆಯಲ್ಲಿ ಉಸುಳಿ ತಿನ್ನಿಸಿದಿರಲ್ಲ, ಆ ಕಾಳಿಗೆ ನಮ್ಮ ಕಡೆ ಹೆಸರು ಎನ್ನುತ್ತಾರೆ, ಈ ಬಳ್ಳಿ ಅದರ ಕಾಡಿನಲ್ಲಿ ಬೆಳೆದ ತಮ್ಮ, ಸಾಹೇಬರು ಹೇಳುತ್ತಿರುವುದು ಇಷ್ಟೇ ಎಂದ.

ಗೌಡರು ಬಗ್ಗಿ ಕಡ್ಡಿಯಂಥ ಒಂದು ಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ, ಮೊದಲಿನ ದನಿಯೇ ಅಲ್ಲದ ಸಣ್ಣ ದನಿಯಲ್ಲಿ ಕೇಳಿದರು. “ಅಂದರ ಇದು ಅವರಿ ಅಲ್ಲ?”

ಶಿವರಾಯ ಎದ್ದು ನಿಂತಿದ್ದ. ಎದೆಯಿಂದ ಮೊಣಕಾಲಿನವರೆಗೆ ಕಪ್ಪಾಗಿದ್ದ. ಇಲ್ಲಿ ‘ನೋಡಬೇಕ್ರಿ’ ಎಂದರೂ ಸಾಕಿತ್ತು, ಬದುಕಿಕೊಳ್ಳುತ್ತಿದ್ದ. ತಂಬಿಗೆ ಹಿಡಿದ ಕೈ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಗೋಡೆ ಹಿಡಿದು ನಿಂತಿದ್ದ ಭೀಮಾ ದಂಡೆಯ ರೈತನೂ ಬಂದ.

“ಅಲ್ರಿ” ಎಂದ.

ಮನೆಗೆ ಬರುವ ದಾರಿಯಲ್ಲಿ ಗೌಡರು ಮುಂದೆ, ಇವರಿಬ್ಬರು ಹಿಂದೆ. ಲಾಡ್ಲೆಸಾಬ ಹಲ್ಲು ಕಚ್ಚಿಕೊಂಡು, ಸುಳ್ಳು ಹೇಳಲು ಬಾರದ ಮನುಷ್ಯ ಹೆಣ್ಣು ನೋಡಲು ಬರಬಾರದು, ಹೆಣ್ಣು ನೋಡಲು ಬಂದ ಮೇಲೆ ಗಿಡ ನೋಡಬಾರದು ಎಂದು ಗೊಣಗುತ್ತಿದ್ದ. ಶಿವರಾಯನಿಗೆ ಅದ್ಯಾವುದೂ ಕೇಳುತ್ತಿರಲಿಲ್ಲ. ಹಿಡಿಯಲ್ಲಿ ಒಂದು ಎಳೆ ಬಳ್ಳಿಯನ್ನು ಹೂವು ಕಾಯಿಗಳ ಸಮೇತ ಹಿಡಿದುಕೊಂಡೇ ಬಂದಿದ್ದ. ಯಾಕೆ ತಂದ ಎಂದು ಅವನಿಗೂ ಗೊತ್ತಿರಲಿಲ್ಲ.

ಪಡಸಾಲೆಗೆ ಬಂದವರೇ ಗೌಡರು, ಬಸ್ಸಿನ ಹೊತ್ತಾಯಿತು, ಹೊರಡುವವರು ಹೊರಡಬಹುದು ಎಂದರು. ಮಗನ ಅಂಗಿ ನೋಡಿ ಹೀರಾಬಾಯಿಗೆ ಹೊಲದಲ್ಲಿ ಹೊಡೆದಾಟವೇ ಆಗಿದೆ ಎನಿಸಿತು. ಗೌಡರು ತಾಯಿಯ ಮುಂದೆ ಕೂತು ದೂರು ಹೇಳಿದರು: ನೀನು ನನಗೆ ಸಣ್ಣವನಿದ್ದಾಗಿನಿಂದ ತೋರಿಸಿದ ಅವರಿ ಬಳ್ಳಿ ಅವರಿಯೇ ಅಲ್ಲವಂತೆ, ಸರ್ಕಾರದವರು ಹೇಳುತ್ತಿದ್ದಾರೆ.

ಹಣಮವ್ವ ಕುಟ್ಟುವುದನ್ನು ನಿಲ್ಲಿಸಿ ಮಗನನ್ನು ನೋಡಿದಳು. ಅದನ್ನು ಅವರಿ ಎಂದು ನಿನಗೆ ಯಾರು ಹೇಳಿದರು ಎಂದು ಕೇಳಿದಳು. ನೀನೇ ಹೇಳಿದೆ ಎಂದರು ಗೌಡರು. ನಾನು ಅವರಿ ಎಂದಿಲ್ಲ, ಅವರ ಬಳ್ಳಿ ಎಂದಿದ್ದೆ ಎಂದಳು ಅವಳು. ಅದನ್ನೇ ನಾನೂ ಹೇಳುತ್ತಿದ್ದೇನೆ, ಅವರಿ ಬಳ್ಳಿ ಎಂದರು ಗೌಡರು. ಹಲ್ಲಿಲ್ಲದ ಬಾಯಿಗೂ ಹಟದ ಕಿವಿಗೂ ನಡುವೆ ಆ ಕಡೆಯ ಅಕ್ಷರ ನಾಲ್ಕಾರು ಸಲ ಹೋಗಿ ಬಂದು ಮಾಡಿತು. ಒಮ್ಮೆಯೂ ಸರಿಯಾಗಿ ಮುಟ್ಟಲಿಲ್ಲ.

ಹೊಸ್ತಿಲಲ್ಲಿ ಚಪ್ಪಲಿಗೆ ಕಾಲು ತೂರಿಸುತ್ತಿದ್ದ ಶಿವರಾಯ ನಿಂತ. ತಿರುಗಿ ಬಂದು ಹಣಮವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು, ಕೈಯಲ್ಲಿದ್ದ ಬಳ್ಳಿಯನ್ನು ನೆಲಕ್ಕಿಟ್ಟ. ಒಳಗಿನ ಬಾಗಿಲ ಕಡೆ ನೋಡಿ, ಹಚ್ಚಗಾಳಿನ ಡಬ್ಬಿಯಿಂದ ನಾಲ್ಕು ಕಾಳು ಬೇಕಿತ್ತು ಎಂದ. ಬಾಗಿಲ ಹಿಂದೆಯೇ ಕಿವಿಗೊಟ್ಟು ನಿಂತಿದ್ದ ಸುಮಿತ್ರಾ ತಂದಿಟ್ಟಳು. ಅವನು ಕಾಡಿನ ಕಾಯಿ ಬಿಡಿಸಿ ಆ ಸಣ್ಣ ಬೀಜಗಳನ್ನು ಹಚ್ಚಗಾಳಿನ ಪಕ್ಕದಲ್ಲಿ ಸಾಲಾಗಿ ಇಟ್ಟ. ಇವೆರಡೂ ಒಂದೇ ಮನೆತನದವು ಹೌದೋ ಅಲ್ಲವೋ ಎಂದು ಅಜ್ಜಿಯನ್ನು ಕೇಳಿದ. ಹೌದು, ಅದರಲ್ಲೇನಿದೆ, ಕಣ್ಣಿದ್ದವರಿಗೆಲ್ಲ ಗೊತ್ತು ಎಂದಳು ಹಣಮವ್ವ. ಆಗ ಶಿವರಾಯ ಮುಂದಿನದನ್ನು ಕೇಳಿದ.

“ಆಯಿ, ‘ಅವರ ಬಳ್ಳಿ’ ಅಂತೀರಲ್ಲ, ಯಾರ್ರಿ ಅವರು?”

ಹಣಮವ್ವ ತಟ್ಟನೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಎಂಬತ್ತರ ಹತ್ತಿರದ ಮುಖ ಮದುಮಗಳಂತಾಯಿತು.

“ಯಾರಂದರ? ಅವರೇ. ಇವನ ಅಪ್ಪ.”

ಅಪ್ಪನಿಗೂ ಕಾಡಿನ ಬಳ್ಳಿಗೂ ಏನು ಸಂಬಂಧ ಎಂದು ಗೌಡರು ಕೇಳಿದರು. ಹಣಮವ್ವ ಹೇಳಲೋ ಬೇಡವೋ ಎಂದು ಸ್ವಲ್ಪ ಹೊತ್ತು ಎಲೆಯ ತೊಟ್ಟು ಮುರಿದಳು.

“ನನ್ನ ಮದುವಿ ಆದಾಗ ನನಗ ಹಾಲಹಲ್ಲ ಬಿದ್ದಿದ್ದಿಲ್ಲ. ಕಳಸೂಮುಂದ ನಮ್ಮವ್ವ ಕಿವಿಯಾಗ ಹೇಳಿದಳು, ಗಂಡನದು ಬಾಯಾಗ ತಗೀಬ್ಯಾಡ, ತಗದರ ಅವರ ಆಯುಷ್ಯ ಕಡಿಮಿ ಆಗ್ತದ ಅಂತ.”

“ಗಂಡನದು ಏನು?” ಎಂದರು ಗೌಡರು.

“ಅದೇ.”

“ಹೆಸರೇನು?”

“ಹೂಂ. ನೀ ಅನ್ನು, ನಾ ಅನ್ನಂಗಿಲ್ಲ.” ಅವಳು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದಳು. “ಮರುದಿನ ಹೊಲಾ ತೋರಸಾಕ ಕರ್ಕೊಂಡ ಬಂದರು. ಏನ ಬಿತ್ತ್ಯಾರ ಅಂತ ಕೇಳಿದೆ. ಹೆಣಮಕ್ಕಳು ಹೇಳಿದರು. ನೋಡತೇನಿ, ಕಣ್ಣ ಮುಟ್ಟೂತನಕ ಗಂಡನದೇ ಬೆಳದದ. ನನ್ನ ಎದಿ ಝಲ್ ಅಂತು. ಅವತ್ತಿನಿಂದ ಹಚ್ಚಗಾಳು ಅಂತೇನಿ. ಬದುವಿನ ಮ್ಯಾಲ ತಾನೇ ಬೆಳದದ್ದಕ್ಕ ಅವರ ಬಳ್ಳಿ ಅಂತೇನಿ. ಏನ ತಪ್ಪಾತು?”

ಮೊದಲು ನಕ್ಕವಳು ಬಾಗಿಲ ಹಿಂದಿನ ಸುಮಿತ್ರಾ. ಆಮೇಲೆ ಸುಭದ್ರಾಬಾಯಿ, ಅವಳ ಹಿಂದೆ ಹೀರಾಬಾಯಿ. ಲಾಡ್ಲೆಸಾಬ ನಗುವುದು ಮರ್ಯಾದೆಯಲ್ಲವೆಂದು ಟೊಪ್ಪಿಗೆ ತೆಗೆದು ಮುಖಕ್ಕೆ ಒತ್ತಿಕೊಂಡ. ಅವನ ಭುಜ ಮಾತ್ರ ಕುಣಿಯುತ್ತಿತ್ತು. ಗೌಡರು ನಗಲಿಲ್ಲ. ಅವರಿಗೆ ಇನ್ನೊಂದು ಸಂಶಯ ಹುಟ್ಟಿತ್ತು.

“ಹಂಗಾರ ಅಪ್ಪಗ ನೀ ಏನಂತ ಕರೀತಿದ್ದಿ?”

“ಮತ್ತೇನಂತ ಕರೀಲಿ? ಅಣ್ಣಾರಾಯ ಅಂತಿದ್ದೆ. ಕರದರ ಬರತಿದ್ದರು.”

ಗೌಡರಿಗೆ ನೆನಪಾಯಿತು. ಊರ ಹೆಂಗಸರೆಲ್ಲ ಗಂಡಂದಿರನ್ನು ‘ಏನ್ರಿ’, ‘ಇಲ್ನೋಡ್ರಿ’ ಎನ್ನುತ್ತಿದ್ದ ಕಾಲದಲ್ಲಿ ಅವರ ತಾಯಿ ಮಾಳಿಗೆಯ ಮೇಲೆ ನಿಂತು ಅಣ್ಣಾರಾಯಾ, ಉಣ್ಣಾಕ ಬಾ ಎಂದು ಮೂರು ಹೊಲದಾಚೆಗೆ ಕೇಳುವಂತೆ ಕೂಗುತ್ತಿದ್ದಳು. ಗೌಡರ ಮನೆಯ ಸೊಸೆ ಭಾರಿ ಗಟ್ಟಿಗಿತ್ತಿ ಎಂದು ಊರು ಬೆರಗಾಗಿತ್ತು. ಅತ್ತೆ ಮೊದಲೇ ತೀರಿಕೊಂಡಿದ್ದರಿಂದ ತಿದ್ದುವವರು ಇರಲಿಲ್ಲ. ತಿದ್ದಲು ಬಂದ ಒಬ್ಬಿಬ್ಬರನ್ನು ಅಣ್ಣಾರಾಯರೇ ತಡೆದರಂತೆ. ಅವಳು ಕರೆದರೆ ನನಗೆ ಹಸಿವು ಜಾಸ್ತಿ ಆಗುತ್ತದೆ, ಇರಲಿ ಬಿಡಿ ಎಂದಿದ್ದರಂತೆ. ಪಾಪದ ಭಯಕ್ಕೆ ಒಂದು ಕಾಳಿನ ಹೆಸರನ್ನು ಬಾಯಿಂದ ಹೊರಗಿಟ್ಟ ಹೆಣ್ಣುಮಗಳು ಗಂಡನ ಹೆಸರನ್ನು ಮಾತ್ರ ಬದುಕಿಡೀ ಬಾಯಿ ತುಂಬ ಕರೆದಿದ್ದಳು, ಆದರೂ ಆತ ಎಪ್ಪತ್ತು ದಾಟಿಸಿಯೇ ಹೋಗಿದ್ದ.

ಗೌಡರು ಎದ್ದು ಹೊರಗೆ ನಡೆದುಬಿಟ್ಟರು.

ಈಗ ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಹೊರಡಿ ಎಂದವರು ಮನೆಯಲ್ಲಿಲ್ಲ, ಇರಿ ಎಂದವರು ಯಾರೂ ಇಲ್ಲ. ಹೀಗೆ ನಿಂತಿರುವಾಗಲೇ ಬಸ್ಸು ಊರ ಅಗಸಿ ಬಾಗಿಲ ಹತ್ತಿರ ಹಾರ್ನ್ ಮಾಡಿ ಹೊರಟುಹೋಯಿತು. ಶಿವರಾಯ ಅಂಗಳದಲ್ಲಿ ಕೂತು ಅಂಗಿಯ ಮೇಲಿನ ಒಣಗಿದ ಮಣ್ಣನ್ನು ಉಗುರಿನಿಂದ ಕೆರೆಯುತ್ತಿದ್ದ. ಸಂಬಂಧ ಮುರಿದು ಬಿದ್ದದ್ದು ಅವನಿಗೆ ಹೊಸದಲ್ಲ. ಆದರೆ ಹಿಂದೆಲ್ಲ ಮುರಿದಾಗ ಬಸ್ಸಿನಲ್ಲಿ ನಿದ್ದೆ ಬರುತ್ತಿತ್ತು. ಈ ಸಲ ಬರುವುದಿಲ್ಲವೆಂದು ಗೊತ್ತಾಗಿತ್ತು. ಸುಮಿತ್ರಾ ಕಡಗೋಲಿನ ಕಂಬದ ಪಕ್ಕ ಹಾದು ಹೋಗುವಾಗ, ಮೂರೇ ಅಕ್ಷರ ಹೇಳಿಕೊಟ್ಟಿದ್ದೆ, ಅದೂ ಆಗಲಿಲ್ಲವಲ್ಲ ಎಂದು ಅವನಿಗಷ್ಟೇ ಕೇಳುವಂತೆ ಅಂದಳು. ಸಿಟ್ಟಿತ್ತೋ ನಗುವಿತ್ತೋ ಅವನಿಗೆ ಗುರುತಿಸಲಾಗಲಿಲ್ಲ. ಎಲೆಯಲ್ಲ, ಹೂವಲ್ಲ, ಭೂತಗನ್ನಡಿ ಹಿಡಿಯುವಂತಿಲ್ಲ.

ದೀಪ ಹಚ್ಚುವ ಹೊತ್ತಿಗೆ ಗೌಡರು ತಿರುಗಿ ಬಂದರು. ಹೆಗಲ ಮೇಲಿನ ಟವೆಲ್ಲಿನ ತುಂಬ ಒಣಗಿದ ಕರಿ ಕಾಯಿಗಳಿದ್ದವು. ಅದನ್ನು ಶಿವರಾಯನ ಮುಂದೆ ಸುರಿದು, ಇದನ್ನು ತಿನ್ನಬಹುದೇ ಎಂದು ಕೇಳಿದರು. ಶಿವರಾಯ ಮೆಂತ್ಯದ ಬಳಗವನ್ನು ನೆನೆದ. ಈ ಸಲ ಅಂಜಿಕೆಯಾಗಲಿಲ್ಲ, ನಾಲ್ಕೂ ನೋಡಿಯಾಗಿತ್ತು. ತಿನ್ನಬಹುದು, ಆದರೆ ಬಹಳ ಹೊತ್ತು ಕುದಿಸಬೇಕು, ರುಚಿಯೇನೂ ದೊಡ್ಡದಿರುವುದಿಲ್ಲ ಎಂದ. ಗೌಡರು ಕಾಯಿಗಳನ್ನು ಒಳಗೆ ಕಳಿಸಿ, ಇಷ್ಟು ವರ್ಷ ಗೊಬ್ಬರ ಹಾಕಿದ್ದೇನೆ, ಅದರ ಋಣ ಇವತ್ತು ತೀರಲಿ, ಉಸುಳಿ ಮಾಡಿ ಎಂದರು. ಬಸ್ಸು ಹೋಗಿದ್ದರಿಂದ ಊಟಕ್ಕೆ ಇವರೂ ಕೂರಬೇಕಾಯಿತು.

ಉಸುಳಿ ಬರುವ ಹೊತ್ತಿಗೆ ಎಲ್ಲರೂ ಹಸಿದಿದ್ದರು. ಕಾಳು ಎಷ್ಟು ಕುದಿಸಿದರೂ ಹಲ್ಲಿಗೆ ಮರಳಿನಂತೆ ಸಿಗುತ್ತಿತ್ತು. ಮೊದಲ ತುತ್ತು ಬಾಯಿಗಿಟ್ಟ ಹೀರಾಬಾಯಿ, ನಮ್ಮ ಕಡೆ ಇಂಥ ರುಚಿ ಸಿಗುವುದಿಲ್ಲ ಎಂದಳು. ಲಾಡ್ಲೆಸಾಬ ಕಣ್ಣು ಮುಚ್ಚಿ ನುಂಗಿ, ವಾಹ್ ಎಂದ. ಸುಭದ್ರಾಬಾಯಿ, ಹಿರಿಯರ ಕಾಲದ್ದು, ಗೊತ್ತಾಗುತ್ತದೆ ಎಂದಳು. ಗೌಡರು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತ ಶಿವರಾಯನ ಹತ್ತಿರ ಬಂದು ನಿಂತರು. “ನಿಮಗ ಹ್ಯಾಂಗನಸ್ತರಿ?”

ಶಿವರಾಯ ಅಗಿಯುತ್ತಿದ್ದ. ಹೀರಾಬಾಯಿ ಕಣ್ಣು ಬಿಟ್ಟಳು. ಲಾಡ್ಲೆಸಾಬ ತೊಡೆ ಚಿವುಟಿದ.

“ಚಲೋ ಇಲ್ರಿ” ಎಂದ ಶಿವರಾಯ. ಇನ್ನೂ ಸ್ವಲ್ಪ ಅಗಿದು, “ಉಪ್ಪೂ ಹಾಕಿಲ್ರಿ.”

ಗೌಡರು ತಾವೂ ಒಂದು ತುತ್ತು ಬಾಯಿಗೆ ಹಾಕಿಕೊಂಡರು. ಅಗಿದರು. ಮುಖ ಕಿವುಚಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. ನಗುವಿನ ನಡುವೆ, ಈ ಊರಿನಲ್ಲಿ ಇಷ್ಟು ವರ್ಷ ಒಬ್ಬನಾದರೂ ಉಪ್ಪಿಲ್ಲ ಎಂದು ನನಗೆ ಹೇಳಲಿಲ್ಲ, ಎಲ್ಲರೂ ಕಾಯಿ ಅಗಲಾಗುತ್ತಿದೆ ಎಂದೇ ಹೇಳಿಕೊಂಡು ಹೋದರು ಎಂದರು. ಕಣ್ಣು ಒರೆಸಿಕೊಂಡು ಹೀರಾಬಾಯಿಯ ಕಡೆ ತಿರುಗಿ, ನನಗೆ ಟ್ರ್ಯಾಕ್ಟರಿನ ಆಸೆಯಿಲ್ಲದ ಒಬ್ಬ ಮನುಷ್ಯ ಮನೆಯಲ್ಲಿ ಬೇಕಿತ್ತು, ಮಗಳು ಹೂಂ ಅಂದರೆ ನಮ್ಮದೂ ಹೂಂ ಎಂದರು.

ಎಲ್ಲರೂ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಸುಮಿತ್ರಾ ಉಪ್ಪಿನ ಬಟ್ಟಲು ಹಿಡಿದುಕೊಂಡು ಹೊರಬಂದಳು. ಹೊರಗಿನ ಮಾತು ಕೇಳುತ್ತ ನಿಂತು ಉಪ್ಪು ಮರೆತುಹೋಗಿತ್ತು ಎಂದಳು. ಎಲ್ಲರನ್ನೂ ದಾಟಿಕೊಂಡು ನೇರವಾಗಿ ಶಿವರಾಯನ ತಾಟಿನ ಹತ್ತಿರ ಬಂದು, ಒಂದು ಚಿಟಿಕೆ ತೆಗೆದು ಅವನ ಕೈಗೇ ಹಾಕಲು ಹೋದಳು. ಅವನೂ ಅಂಗೈ ಚಾಚಿದ.

“ಕೈಯಾಗ ಕೊಡಬ್ಯಾಡ ಬೇ” ಎಂದು ಹಣಮವ್ವ ಕಂಬದ ಬುಡದಿಂದ ಗದರಿದಳು. “ಗಂಡಾ ಹೆಂಡತಿ ನಡುವ ಜಗಳ ಹತ್ತತದ. ತಾಟಿನಾಗ ಇಡು.”

ಸುಮಿತ್ರಾ ತಾಟಿನ ಅಂಚಿನಲ್ಲಿ ಇಟ್ಟಳು.